ಎರೆಹೊಲದ ಹತ್ತಿಯೂ ಕನಾಮೈಸಿನ್ ಪ್ರಶ್ನೆಯೂ

ಗದಗ ಜಿಲ್ಲೆಯ ಲಕ್ಷ್ಮೇಶ್ವರದಿಂದ ಶಿಗ್ಲಿಯ ಕಡೆಗೋ ಸೂರಣಗಿಯ ಕಡೆಗೋ ಹೊರಟವರಿಗೆ ಎರೆಯೂ ಮಸಾರಿಯೂ ಒಂದರ ಬೆನ್ನಿಗೊಂದು ಸಿಗುತ್ತವೆ. ಮಳೆ ಹದವಾಗಿ ಬಂದ ವರ್ಷ ಆ ಹೊಲಗಳಲ್ಲಿ ಹೆಸರು, ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ. ಅವುಗಳ ನಡುವೆ ಹತ್ತಿ. ಈ ಹತ್ತಿ ಬಹುಮಟ್ಟಿಗೆ ಬಿ.ಟಿ. ಹತ್ತಿ. ಅದರ ಪ್ರತಿಯೊಂದು ಜೀವಕೋಶದಲ್ಲೂ ಕಾಯಿಕೊರಕ ಹುಳುವನ್ನು ಕೊಲ್ಲುವ ವಂಶವಾಹಿಯ ಜೊತೆಗೆ ಇನ್ನೊಂದು ವಂಶವಾಹಿ ಇದೆ. ಹೆಸರು ಎನ್‌ಪಿಟಿ-2. ಅದಕ್ಕೂ ಹುಳುವಿಗೂ ಸಂಬಂಧವಿಲ್ಲ, ಇಳುವರಿಗೂ ಇಲ್ಲ. ಕನಾಮೈಸಿನ್ ಮತ್ತು ನಿಯೋಮೈಸಿನ್ ಎಂಬ ಎರಡು ಪ್ರತಿಜೀವಕ ಔಷಧಗಳ ಶಕ್ತಿಯನ್ನು ಅಳಿಸುವ ಕಿಣ್ವವನ್ನು ತಯಾರಿಸುವುದು, ಅಷ್ಟೇ ಅದರ ಕೆಲಸ.

ಬ್ಯಾಕ್ಟೀರಿಯಾದಿಂದ ತೆಗೆದ ಇಂಥ ವಂಶವಾಹಿ ಹತ್ತಿಗಿಡಕ್ಕೆ ಯಾಕೆ ಬೇಕಾಯಿತು? ಉತ್ತರ ಪ್ರಯೋಗಾಲಯದ ತಟ್ಟೆಯಲ್ಲಿದೆ. ಗಿಡದ ಜೀವಕೋಶಗಳಿಗೆ ಹೊರಗಿನ ವಂಶವಾಹಿ ಸೇರಿಸುವ ಕೆಲಸದಲ್ಲಿ ಬಹುಪಾಲು ಪ್ರಯತ್ನ ಸೋಲುತ್ತದೆ. ಸಾವಿರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಆ ಕೆಲವನ್ನು ಕಣ್ಣಿನಿಂದ ಹುಡುಕಲು ಬರುವುದಿಲ್ಲ. ಹಾಗಾಗಿ ಬೇಕಾದ ವಂಶವಾಹಿಗೆ ಎನ್‌ಪಿಟಿ-2ನ್ನು ಜೋಡಿಸಿ, ಆಮೇಲೆ ತಟ್ಟೆಗೆ ಕನಾಮೈಸಿನ್ ಸೇರಿಸುತ್ತಾರೆ. ವಂಶವಾಹಿ ಸಿಗದ ಕೋಶಗಳು ಸೊರಗಿ ಸಾಯುತ್ತವೆ, ಸಿಕ್ಕವು ಉಳಿಯುತ್ತವೆ. ಬೆಟ್ಟ ಬಯಲು ಸುತ್ತುವ ಕುರಿಗಾರರು ತಮ್ಮ ಕುರಿ ಬೇರೆ ಹಿಂಡಿನಲ್ಲಿ ಬೆರೆತರೂ ಗೊತ್ತಾಗಲೆಂದು ಬೆನ್ನಿಗೆ ಬಣ್ಣ ಹಚ್ಚುತ್ತಾರಲ್ಲ, ಅಂಥದೇ ಗುರುತು ಇದು. ಕುರಿಯ ಬೆನ್ನಿನ ಬಣ್ಣ ಎರಡು ಮಳೆಗೆ ತೊಳೆದುಹೋಗುತ್ತದೆ. ಈ ಗುರುತು ಮಾತ್ರ ಗಿಡದಿಂದ ಬೀಜಕ್ಕೆ, ಬೀಜದಿಂದ ಮುಂದಿನ ಗಿಡಕ್ಕೆ ಸಾಗುತ್ತಲೇ ಇರುತ್ತದೆ.

ಭಾರತಕ್ಕೆ ಮೊದಲು ಬಂದ ಬಿ.ಟಿ. ಹತ್ತಿಯ ಮೂಲ ಮಾನ್ಸ್ಯಾಂಟೊ ಕಂಪನಿಯ ಮಾನ್-531. ಅದರಲ್ಲಿ ಎನ್‌ಪಿಟಿ-2 ಜೊತೆಗೆ ಎಎಡಿ ಎಂಬ ಇನ್ನೊಂದು ಪ್ರತಿರೋಧದ ವಂಶವಾಹಿಯೂ ಇದೆ. ಸ್ಟ್ರೆಪ್ಟೊಮೈಸಿನ್ ಔಷಧಕ್ಕೆ ಬಗ್ಗದ ಗುಣ ಅದರದು. ಬ್ಯಾಕ್ಟೀರಿಯಾದೊಳಗೆ ವಂಶವಾಹಿಗಳನ್ನು ಪೋಣಿಸುವ ಹಂತದಲ್ಲಿ ಅದು ಬೇಕಿತ್ತು, ಗಿಡದೊಳಗೆ ಅದಕ್ಕೆ ಕೆಲಸವಿಲ್ಲ. ಅದನ್ನು ಚಾಲೂ ಮಾಡುವ ಗುಂಡಿ ಬ್ಯಾಕ್ಟೀರಿಯಾದ್ದಾದ್ದರಿಂದ ಗಿಡದಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಆದರೆ ಇದೆ.

ಪ್ರತಿಜೀವಕ ಪ್ರತಿರೋಧದ ವಂಶವಾಹಿಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರ ಮೇಲೆ ಕಾವಲು ಬೇಕೆಂದು ಮೊದಲು ಹೇಳಿದವರು ರೈತ ಹೋರಾಟಗಾರರಲ್ಲ, ಪರಿಸರವಾದಿಗಳೂ ಅಲ್ಲ. ವಿಜ್ಞಾನಿಗಳೇ. 1973ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದಕ್ಕೆ ಜೋಡಿಸುವ ವಿಧಾನ ತೋರಿಸಿದರು. ಅವರು ಜೋಡಿಸಿದ್ದೂ ಪ್ರತಿಜೀವಕ ಪ್ರತಿರೋಧದ ವಂಶವಾಹಿಗಳನ್ನೇ. ಗೆದ್ದ ಬ್ಯಾಕ್ಟೀರಿಯಾವನ್ನು ಗುರುತಿಸುವುದು ಅದರಿಂದ ಸುಲಭವಾಗಿತ್ತು. ಮರುವರ್ಷ, 1974ರ ಜುಲೈಯಲ್ಲಿ, ಪಾಲ್ ಬರ್ಗ್ ಮತ್ತು ಅವರ ಜೊತೆಗಾರರು ಒಂದು ಬಹಿರಂಗ ಪತ್ರ ಪ್ರಕಟಿಸಿ, ಕೆಲವು ಪ್ರಯೋಗಗಳನ್ನು ಜಗತ್ತಿನ ವಿಜ್ಞಾನಿಗಳು ಸ್ವಂತ ಇಚ್ಛೆಯಿಂದ ನಿಲ್ಲಿಸಬೇಕೆಂದು ಕೇಳಿಕೊಂಡರು. ಆ ಪಟ್ಟಿಯ ಮೊದಲನೆಯ ಬಗೆಯಲ್ಲೇ ಇದ್ದದ್ದು, ಪ್ರತಿರೋಧವಿಲ್ಲದ ಬ್ಯಾಕ್ಟೀರಿಯಾಕ್ಕೆ ಪ್ರತಿರೋಧದ ವಂಶವಾಹಿಯನ್ನು ಹೊಸದಾಗಿ ಕೊಡುವ ಪ್ರಯೋಗ. 1975ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸುಮಾರು 140 ಮಂದಿ ಸೇರಿ ನಿಯಮಗಳ ರೂಪುರೇಷೆ ಹಾಕಿದರು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬಂತು.

ಅವರ ಭಯಕ್ಕೆ ಆಧಾರವಿತ್ತು. 1959ರ ಹೊತ್ತಿಗೇ ಜಪಾನಿನ ವಿಜ್ಞಾನಿಗಳು ಆಮಶಂಕೆಯ ಬ್ಯಾಕ್ಟೀರಿಯಾಗಳಲ್ಲಿ ಒಂದು ವಿಚಿತ್ರ ಕಂಡಿದ್ದರು. ಹಲವು ಔಷಧಗಳಿಗೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ಒಮ್ಮೆಲೇ ದಾಟುತ್ತಿತ್ತು. ಮನುಷ್ಯರಲ್ಲಿ ವಂಶವಾಹಿ ಹೆತ್ತವರಿಂದ ಮಕ್ಕಳಿಗೆ ಹೋಗುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಅದು ನೆರೆಯವರಿಗೂ ಹೋಗುತ್ತದೆ. ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದ ಮೇಲೆ ಕೂತ ವಂಶವಾಹಿಗೆ ಜಾತಿಯ ಗೋಡೆ ಅಷ್ಟೇನೂ ಅಡ್ಡಿಯಲ್ಲ.

ನಿಯಮ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕೇಂದ್ರದ ಪ್ರಕರಣ ನೋಡಬೇಕು. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಬ್ರುಸೆಲ್ಲಾ ಬ್ಯಾಕ್ಟೀರಿಯಾಕ್ಕೆ ಪ್ರತಿಜೀವಕ ಪ್ರತಿರೋಧದ ವಂಶವಾಹಿ ಸೇರಿಸುವ ಪ್ರಯೋಗಗಳು ಅಗತ್ಯ ಅನುಮತಿಯಿಲ್ಲದೆ ನಡೆದಿದ್ದವು.  ವಿಶ್ವವಿದ್ಯಾಲಯ 40 ಸಾವಿರ ಡಾಲರ್ ದಂಡ ಕಟ್ಟಿತು, ಪ್ರಾಧ್ಯಾಪಕರೊಬ್ಬರಿಗೆ 5 ವರ್ಷ ಪ್ರಯೋಗಾಲಯದ ಕೆಲಸ ಬಂದ್ ಆಯಿತು. 2010ರಲ್ಲಿ ಇದು ಸುದ್ದಿಯಾಯಿತು. ಬ್ರುಸೆಲ್ಲಾ ಎಂದರೆ ಗದಗ ಜಿಲ್ಲೆಗೆ ದೂರದ ಮಾತಲ್ಲ. ದನ, ಎಮ್ಮೆ, ಕುರಿ, ಮೇಕೆಗಳು ದಿನ ತುಂಬುವ ಮೊದಲೇ ಕಂದು ಹಾಕುವುದು ಈ ಬ್ಯಾಕ್ಟೀರಿಯಾದಿಂದ. ಪಶುವೈದ್ಯ ಇಲಾಖೆ ಅದನ್ನು ಕಂದು ರೋಗ ಎಂದೇ ಕರೆಯುತ್ತದೆ. ಕಂದನ್ನು ಬರಿಗೈಯಲ್ಲಿ ಎತ್ತಿ ಹಾಕಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಅದೇ ರೋಗ ಏರಿಳಿಯುವ ಜ್ವರವಾಗಿ, ಕೀಲುನೋವಾಗಿ ಬರುತ್ತದೆ. ವಾರಗಟ್ಟಲೆ ಡಾಕ್ಸಿಸೈಕ್ಲಿನ್, ಅದರ ಜೊತೆಗೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಕೊಟ್ಟರೆ ಮಾತ್ರ ಹೋಗುತ್ತದೆ. ಇಂಥ ರೋಗಾಣುವಿಗೆ ತನ್ನದಲ್ಲದ ಪ್ರತಿರೋಧವನ್ನು ಕೊಡುವ ಮೊದಲು ಹತ್ತು ಜನ ಕೂತು ಯೋಚಿಸಲಿ ಎಂಬುದು ಕಿರುಕುಳವಲ್ಲ. ಕುರಿ ಹಿಂಡಿನ ಜೊತೆ ಮಲಗುವವರ ಜೀವದ ಪ್ರಶ್ನೆ.

ಭಾರತದಲ್ಲಿ ಈ ಕಾವಲಿನ ಕಾನೂನು ಬಂದದ್ದು 1989ರ ಡಿಸೆಂಬರ್ 5ರಂದು. ಭೋಪಾಲ ದುರಂತದ ನಂತರ ರೂಪುಗೊಂಡ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿ, ಅಪಾಯಕಾರಿ ಸೂಕ್ಷ್ಮಜೀವಿಗಳು ಮತ್ತು ವಂಶವಾಹಿ ಬದಲಾಯಿಸಿದ ಜೀವಿಗಳ ತಯಾರಿಕೆ, ಬಳಕೆ, ಆಮದು, ರಫ್ತು, ದಾಸ್ತಾನುಗಳಿಗೆ ನಿಯಮ ಹೊರಬಿತ್ತು. ಬಿ.ಟಿ. ಹತ್ತಿ ದೇಶಕ್ಕೆ ಬರುವ ಮೊದಲೇ ಇಂಥ ನಿಯಮ ಇದ್ದದ್ದು ಹೆಮ್ಮೆಯ ಸಂಗತಿ. ಅದರಲ್ಲಿ ಹೇಳಿದ ಸಮಿತಿಗಳು ಆರು. ಸಂಶೋಧನೆ ನಡೆಯುವ ಪ್ರತಿ ಸಂಸ್ಥೆಯೊಳಗೆ ಒಂದು ಜೈವಿಕ ಸುರಕ್ಷತಾ ಸಮಿತಿ. ಅದರಲ್ಲಿ ಒಬ್ಬ ವೈದ್ಯ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಒಬ್ಬ ಪ್ರತಿನಿಧಿ ಇರಲೇಬೇಕು. ಅದರ ಮೇಲೆ ಅದೇ ಇಲಾಖೆಯ ಪರಿಶೀಲನಾ ಸಮಿತಿ. ಬಯಲಿಗೆ, ಮಾರುಕಟ್ಟೆಗೆ ಬಿಡುವ ಮಾತು ಬಂದಾಗ ಪರಿಸರ ಸಚಿವಾಲಯದ ಜಿಇಎಸಿ ಎಂಬ ಅನುಮೋದನಾ ಸಮಿತಿ. ಒಂದು ಸಲಹಾ ಸಮಿತಿ. ರಾಜ್ಯಕ್ಕೊಂದು ಸಮನ್ವಯ ಸಮಿತಿ. ಕೊನೆಯದಾಗಿ ಜಿಲ್ಲಾ ಮಟ್ಟದ ಸಮಿತಿ.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಜಿಲ್ಲಾ ಆರೋಗ್ಯಾಧಿಕಾರಿ, ಕೃಷಿ ಅಧಿಕಾರಿ, ಕಾರ್ಖಾನೆ ತನಿಖಾಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ, ಸೂಕ್ಷ್ಮಜೀವಿ ತಜ್ಞ, ಇವರೆಲ್ಲ ಸದಸ್ಯರು. ಜಿಲ್ಲೆಯೊಳಗೆ ಇಂಥ ಜೀವಿಗಳ ಬಳಕೆ ಎಲ್ಲಿ, ಹೇಗೆ ನಡೆದಿದೆ ಎಂದು ಹೋಗಿ ನೋಡುವುದು, ಅನಾಹುತವಾದರೆ ಏನು ಮಾಡಬೇಕೆಂಬ ಯೋಜನೆ ಇಟ್ಟುಕೊಳ್ಳುವುದು ಅವರ ಕರ್ತವ್ಯ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಷ್ಟ. ದಿಲ್ಲಿಯಲ್ಲಿ ಕೂತವರಿಗೆ ಕಾಣದ್ದು ಜಿಲ್ಲೆಯಲ್ಲಿ ಓಡಾಡುವವರಿಗೆ ಕಾಣುತ್ತದೆ ಎಂಬ ಸರಳ ಬುದ್ಧಿವಂತಿಕೆ ಅದರ ಹಿಂದಿದೆ. ಆದರೆ ದೇಶದ ಕುಲಾಂತರಿ ಬೆಳೆಗಳ ಚರ್ಚೆಯಲ್ಲೆಲ್ಲ ಸದ್ದು ಮಾಡಿದ್ದು ಜಿಇಎಸಿ ಒಂದೇ. ಜಿಲ್ಲಾ ಸಮಿತಿಯ ಹೆಸರು ಹತ್ತಿ ಬೆಳೆಯುವವರ ಕಿವಿಗೆ ಬಿದ್ದದ್ದು ತೀರ ಅಪರೂಪ.

ಈಗ ಹತ್ತಿಗೆ ಬರೋಣ. ಧಾರವಾಡದ ಹತ್ತಿ ಸಂಶೋಧನೆಗೆ ದೊಡ್ಡ ಹೆಸರಿದೆ. ಎರೆಭೂಮಿಯ ಹಳೆಯ ಜಯಧರ ಹತ್ತಿ ಈ ಸೀಮೆಯ ಬೆಳೆ. 1972ರಲ್ಲಿ ಡಾ. ಬಿ.ಎಚ್. ಕಾತರಕಿಯವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ, ಎರಡು ಬೇರೆ ಹತ್ತಿ ಜಾತಿಗಳ ಸಂಕರದಿಂದ ಬಂದ ಉದ್ದ ಎಳೆಯ ತಳಿ, ದೇಶದ ನೂಲಿನ ಲೆಕ್ಕವನ್ನೇ ಬದಲಿಸಿತು. 1981ರಲ್ಲಿ ಡಿಸಿಎಚ್-32 ಬಂತು. ಎಳೆ ಚೆನ್ನಾಗಿತ್ತು, ಆದರೆ ಕಾಯಿಕೊರಕಕ್ಕೂ ಆ ಹತ್ತಿ ಬಲು ಇಷ್ಟ. ತೊಂಬತ್ತರ ದಶಕದಲ್ಲಿ ಔಷಧ ಹೊಡೆದು ಹೊಡೆದು ಸೋತವರಿಗೆ ಬಿ.ಟಿ. ಹತ್ತಿಯ ಸುದ್ದಿ ಆಸೆಯನ್ನೂ ಅನುಮಾನವನ್ನೂ ಒಟ್ಟಿಗೆ ತಂದಿತು. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಜ್ಯ ರೈತ ಸಂಘ ರಾಯಚೂರು, ಬಳ್ಳಾರಿ ಸೀಮೆಯ ಪ್ರಾಯೋಗಿಕ ತಾಕುಗಳನ್ನು ಕಿತ್ತು ಸುಟ್ಟಿತು. ತಮ್ಮ ಹೊಲದಲ್ಲಿ ಯಾವ ಬೀಜ ಬಿತ್ತಿದ್ದಾರೆ ಎಂಬುದು ಹೊಲದವರಿಗೇ ಸರಿಯಾಗಿ ತಿಳಿಸಿಲ್ಲ ಎಂಬುದು ಅಂದಿನ ದೊಡ್ಡ ದೂರಾಗಿತ್ತು. ಸುಡುವುದನ್ನು ಒಪ್ಪದವರೂ ಆ ದೂರನ್ನು ತಳ್ಳಿಹಾಕುವಂತಿಲ್ಲ. 2002ರ ಮಾರ್ಚಿನಲ್ಲಿ ಜಿಇಎಸಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಕೊಟ್ಟಿತು. ಅಷ್ಟರೊಳಗೆ, 2001ರಲ್ಲೇ, ಗುಜರಾತಿನ ಹೊಲಗಳಲ್ಲಿ ನವಭಾರತ್-151 ಎಂಬ ಹೆಸರಿನಲ್ಲಿ ಅನುಮತಿಯಿಲ್ಲದ ಬಿ.ಟಿ. ಹತ್ತಿ ಸಾವಿರಾರು ಎಕರೆಯಲ್ಲಿ ಅರಳಿ ನಿಂತಿತ್ತು. ಸಮಿತಿ ಇನ್ನೂ ಯೋಚಿಸುತ್ತಿತ್ತು, ಬೀಜ ಮುಂದೆ ಹೋಗಿತ್ತು.

ಈ ಭಾಗಕ್ಕೆ ಎಲ್ಲಕ್ಕಿಂತ ಹತ್ತಿರದ ಪ್ರಕರಣ ಬಿಕಾನೇರಿ ನರ್ಮಾ ಬಿ.ಟಿ. ಹತ್ತಿಯದು. ಕಂಪನಿಗಳ ಸಂಕರ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ಸರ್ಕಾರಿ ಸಂಸ್ಥೆಗಳೇ ಒಂದು ಬಿ.ಟಿ. ತಳಿ ರೂಪಿಸಿದರೆ ರೈತರು ಅದರ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಬಹುದು. ಈ ಆಶಯದಿಂದ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ದಿಲ್ಲಿಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಕೂಡಿ ಕೆಲಸ ಮಾಡಿದವು. ಆಶಯ ದೊಡ್ಡದು, ಗೌರವಕ್ಕೆ ಅರ್ಹವಾದದ್ದು. 2008ರಲ್ಲಿ ಜಿಇಎಸಿ ಒಪ್ಪಿಗೆ ಸಿಕ್ಕಿತು. ಸಾರ್ವಜನಿಕ ಸಂಸ್ಥೆಗಳಿಂದ ಬಂದ ದೇಶದ ಮೊದಲ ಕುಲಾಂತರಿ ಬೆಳೆ ಎಂಬ ಸಂಭ್ರಮವಾಯಿತು. 2009ರ ಮುಂಗಾರಿಗೆ ಬೀಜ ಹೊಲ ಸೇರಿತು. ಆಮೇಲೆ ಆ ಬೀಜದಲ್ಲಿ ಮಾನ್-531 ಇರುವುದು ಪತ್ತೆಯಾಯಿತು. ಸಂಸ್ಥೆಗಳು ಒಪ್ಪಿಗೆ ಪಡೆದದ್ದು ತಮ್ಮದೇ ರೂಪಾಂತರಕ್ಕೆ, ಅಂದರೆ ತಾವೇ ವಂಶವಾಹಿ ಸೇರಿಸಿ ಪಡೆದ ಗಿಡದ ಸಂತತಿಗೆ. ಬೀಜದಲ್ಲಿ ಸಿಕ್ಕಿದ್ದು ಕಂಪನಿಯದು. ಬೀಜ ಹಿಂದಕ್ಕೆ ಹೋಯಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸುಧೀರ್ ಸೊಪೋರಿಯವರ ಸಮಿತಿ ತನಿಖೆ ನಡೆಸಿ 2012ರಲ್ಲಿ ವರದಿ ಕೊಟ್ಟಿತು.

ತಪ್ಪು ಯಾರದು, ಬೆರಕೆ ಎಲ್ಲಿ ಆಯಿತು ಎಂಬುದರ ಮೇಲೆ ಆಗ ಬಹಳ ಮಾತು ನಡೆಯಿತು. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಸುರಕ್ಷತೆಯ ಪರೀಕ್ಷೆಗಳೆಲ್ಲ ನಡೆಯುವುದು ಒಂದು ನಿರ್ದಿಷ್ಟ ರೂಪಾಂತರದ ಮೇಲೆ. ಯಾವ ವಂಶವಾಹಿ, ಎಷ್ಟು ಪ್ರತಿ, ವರ್ಣತಂತುವಿನ ಯಾವ ಜಾಗದಲ್ಲಿ, ಯಾವ ಪ್ರತಿರೋಧದ ಗುರುತಿನ ಜೊತೆಗೆ, ಇವು ಗೊತ್ತಿದ್ದರೆ ಮಾತ್ರ ಪರೀಕ್ಷೆಗೆ ಅರ್ಥ. ಚೀಲದೊಳಗಿನ ಬೀಜ ಕಡತದಲ್ಲಿರುವ ಬೀಜವಲ್ಲ ಎಂದಾದರೆ, ಅನುಮತಿ ಕೊಟ್ಟ ಸಮಿತಿಗಳು ನೋಡಿದ್ದು ಒಂದನ್ನು, ರೈತ ಬಿತ್ತಿದ್ದು ಇನ್ನೊಂದನ್ನು. ಸಾಂಸ್ಥಿಕ ಸಮಿತಿ, ಪರಿಶೀಲನಾ ಸಮಿತಿ, ಜಿಇಎಸಿ ಮೂರನ್ನೂ ದಾಟಿದ ಮೇಲೆ ಇದು ಗೊತ್ತಾಯಿತು. ಈ ಸಲ ಬೆರೆತದ್ದು ಆಗಲೇ ಅನುಮತಿ ಪಡೆದ ಹತ್ತಿಯ ವಂಶವಾಹಿ, ಅನಾಹುತವಾಗಲಿಲ್ಲ. ತಟ್ಟೆಯಲ್ಲಿ ಏನಿದೆ, ಬೀಜದಲ್ಲಿ ಏನಿದೆ ಎಂಬ ದಾಖಲೆ ಸರಿಯಿರುವುದು, ಯಾರು ಬೇಕಾದರೂ ಅದನ್ನು ಮತ್ತೊಮ್ಮೆ ಪರೀಕ್ಷಿಸಿ ನೋಡಲು ಸಾಧ್ಯವಿರುವುದು: ಕಾವಲಿನ ಜೀವಾಳ ಇಷ್ಟೇ. ಉಳಿದ ಸಮಿತಿ, ಮೊಹರು, ಸಹಿ ಎಲ್ಲ ಅದರ ಮೇಲೆ ನಿಂತಿವೆ.

ಅದೇ ಹೊತ್ತಿಗೆ ಬದನೆಯ ಗದ್ದಲವೂ ಎದ್ದಿತ್ತು. ಮಹಿಕೋ ಕಂಪನಿಯ ಜೊತೆಗೂಡಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಾಳಾಪುರ, ಕುಡಚಿ, ಮಂಜರಿ ಗೋಟಾ, ಉಡುಪಿ ಮುಂತಾದ ಊರ ಬದನೆ ತಳಿಗಳಿಗೆ ಬಿ.ಟಿ. ವಂಶವಾಹಿ ಸೇರಿಸಿತ್ತು. ಅದರಲ್ಲೂ ಎನ್‌ಪಿಟಿ-2 ಮತ್ತು ಎಎಡಿ ಎರಡೂ ಇದ್ದವು. ಹತ್ತಿಯನ್ನು ಮನುಷ್ಯರು ಉಡುತ್ತಾರೆ, ಬದನೆಯನ್ನು ತಿನ್ನುತ್ತಾರೆ. ಅದೂ ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಇಲ್ಲದೆ ಊಟ ಸಾಗದ ನಾಡಿನಲ್ಲಿ! 2009ರ ಅಕ್ಟೋಬರ್ 14ರಂದು ಜಿಇಎಸಿ ಒಪ್ಪಿತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದರು. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ಮೂರೇ ದಿನದಲ್ಲಿ ತಡೆ ಘೋಷಣೆಯಾಯಿತು. ಕರ್ನಾಟಕ ಸರ್ಕಾರವೂ ಆತಂಕ ತಿಳಿಸಿದ ರಾಜ್ಯಗಳಲ್ಲೊಂದು. ಆ ವರ್ಷವೇ ಜಿಇಎಸಿಯ ಪೂರ್ಣ ಹೆಸರಿನಲ್ಲಿದ್ದ ‘ಅನುಮೋದನಾ’ ಎಂಬುದು ಹೋಗಿ ‘ಮೌಲ್ಯಮಾಪನ’ ಎಂದಾಯಿತು. ತಡೆ ಸರಿಯೇ ತಪ್ಪೇ ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಒಂದು ತರಕಾರಿಯೊಳಗೆ ಯಾವ ಯಾವ ವಂಶವಾಹಿ ಇದೆ ಎಂದು ಕೃಷಿಕರು, ವೈದ್ಯರು, ಗೃಹಿಣಿಯರು ಒಬ್ಬ ಸಚಿವರ ಎದುರು ನಿಂತು ಕೇಳಿದ್ದು ಈ ದೇಶದಲ್ಲಿ ಅಪರೂಪದ ಸಂಗತಿ.

ಹಾಗಾದರೆ ಹತ್ತಿಯೊಳಗಿನ ಎನ್‌ಪಿಟಿ-2ರಿಂದ ಅಪಾಯವಿದೆಯೇ? ಇಲ್ಲಿ ಹೆದರಿಸುವುದೂ ಸುಲಭ, ನಕ್ಕು ತಳ್ಳುವುದೂ ಸುಲಭ. ತಿಳಿದದ್ದನ್ನು ತಿಳಿದಷ್ಟೇ ಹೇಳಬೇಕು. ಮೊದಲ ಮಳೆ ಬಿದ್ದಾಗ ಎರೆಹೊಲದಿಂದ ಏಳುವ ಮಣ್ಣಿನ ವಾಸನೆ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಗಳ ಕೆಲಸ. ಸ್ಟ್ರೆಪ್ಟೊಮೈಸಿನ್, ನಿಯೋಮೈಸಿನ್ ಸಿಕ್ಕಿದ್ದು ಅಂಥವುಗಳಿಂದ. 1957ರಲ್ಲಿ ಜಪಾನಿನ ಹಮಾವೊ ಉಮೆಜಾವಾ ಕನಾಮೈಸಿನ್ ಕಂಡುಹಿಡಿದದ್ದೂ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದಲೇ. ವಿಷ ಮಾಡುವವನ ಹತ್ತಿರ ಅದಕ್ಕೆ ಪ್ರತಿವಿಷವೂ ಇರಲೇಬೇಕು. ಹಾಗಾಗಿ ಪ್ರತಿರೋಧದ ವಂಶವಾಹಿ ಮಣ್ಣಿಗೆ ಹೊಸದಲ್ಲ. ಕೆನಡಾದಲ್ಲಿ 30 ಸಾವಿರ ವರ್ಷ ಹೆಪ್ಪುಗಟ್ಟಿದ ನೆಲದಲ್ಲೂ ಅವು ಸಿಕ್ಕಿವೆ. ಗಿಡದ ಡಿಎನ್‌ಎಯಿಂದ ಬ್ಯಾಕ್ಟೀರಿಯಾ ಎನ್‌ಪಿಟಿ-2ನ್ನು ಎತ್ತಿಕೊಳ್ಳಬಹುದೇ ಎಂದು ಜರ್ಮನಿಯ ಸಂಶೋಧಕರು ತೊಂಬತ್ತರ ದಶಕದಲ್ಲಿ ಪರೀಕ್ಷಿಸಿದರು. ಬ್ಯಾಕ್ಟೀರಿಯಾದೊಳಗೆ ಮೊದಲೇ ಹೊಂದುವ ತುಣುಕು ಇಟ್ಟಾಗ ಅದು ನಡೆಯಿತು, ಆಗಲೂ ಬಹಳ ಅಪರೂಪಕ್ಕೆ. ಹತ್ತಿಕಾಳಿನ ಎಣ್ಣೆಯಲ್ಲಿ ಡಿಎನ್‌ಎ ಉಳಿಯುವುದೇ ಇಲ್ಲ ಎನ್ನಬಹುದು. ಹತ್ತಿಕಾಳು, ಹಿಂಡಿ ತಿನ್ನುವ ಎಮ್ಮೆಯ ಹೊಟ್ಟೆಗೆ ಹೋಗುವ ಡಿಎನ್‌ಎ ಬಹುಪಾಲು ಅಲ್ಲೇ ಚೂರಾಗುತ್ತದೆ.

ಕ್ಷಯದ ವಿಷಯವಾಗಿ ಒಂದು ಮಾತು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಭಾರತದಲ್ಲಿ ವರ್ಷಗಳ ಕಾಲ ಕೊಡುತ್ತಿದ್ದ ಇಂಜೆಕ್ಷನ್ ಇದೇ ಕನಾಮೈಸಿನ್. ತಿಂಗಳುಗಟ್ಟಲೆ ಸೂಜಿ, ಎಷ್ಟೋ ಜನರಿಗೆ ಕಿವಿ ಮಂದವಾಗುವ ತೊಂದರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಿಟ್ಟು ಗುಳಿಗೆಗಳ ಚಿಕಿತ್ಸೆಗೆ ಹೋಗಲು ಹೇಳಿತು. ಹತ್ತಿಯಿಂದ ಕ್ಷಯದ ರೋಗಾಣುವಿಗೆ ಪ್ರತಿರೋಧ ದಾಟೀತೆಂಬ ಭಯಕ್ಕೆ ಆಧಾರವಿಲ್ಲ. ಆ ರೋಗಾಣು ಪ್ರತಿರೋಧ ಪಡೆಯುವುದು ತನ್ನದೇ ವಂಶವಾಹಿಯ ತಿದ್ದುಪಡಿಯಿಂದ, ನೆರೆಯವರಿಂದ ಎರವಲು ತಂದಲ್ಲ. ಆದರೆ ಈ ಗುರುತಿನ ವಂಶವಾಹಿಗಳ ಇನ್ನೊಂದು ಮಗ್ಗುಲು ಯೂರೋಪಿನಲ್ಲಿ ಚರ್ಚೆಯಾಯಿತು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2004ರಲ್ಲಿ ಎನ್‌ಪಿಟಿ-2ನ್ನು ಚಿಂತೆ ಕಡಿಮೆಯ ಗುಂಪಿಗೆ ಸೇರಿಸಿತು, ಎಎಡಿಯಂಥವನ್ನು ಮಾರುಕಟ್ಟೆಗೆ ಬೇಡ, ಪ್ರಯೋಗಕ್ಕೆ ಮಾತ್ರ ಸಾಕು ಎಂದಿತು. 2007ರಲ್ಲಿ ಯೂರೋಪಿನ ಔಷಧ ಸಂಸ್ಥೆ ಎಚ್ಚರಿಸಿತು: ಕನಾಮೈಸಿನ್, ನಿಯೋಮೈಸಿನ್ ಇನ್ನೂ ಬೇಕಾದ ಔಷಧಗಳು, ಬೇಡವಾದವೆಂದು ಎಣಿಸಬೇಡಿ. ಎರಡೂ ಮಾತು ನಿಜ. ಅಪಾಯ ಸಣ್ಣದು, ಕೆಲಸ ಮುಗಿದ ಗುರುತನ್ನು ಬೀಜದಲ್ಲಿ ಬಿಡಬೇಕಾದ ಅಗತ್ಯವೂ ಇಲ್ಲ. ಗುರುತನ್ನು ಆಮೇಲೆ ಕತ್ತರಿಸಿ ತೆಗೆಯುವ ವಿಧಾನಗಳು ಬಂದು ದಶಕಗಳಾಗಿವೆ.

ಇಷ್ಟು ಸೂಕ್ಷ್ಮವಾಗಿ ಒಂದು ವಂಶವಾಹಿಯನ್ನು ತೂಗುವ ದೇಶದಲ್ಲಿ, ಎಎಡಿ ಬಗ್ಗದ ಆ ಸ್ಟ್ರೆಪ್ಟೊಮೈಸಿನ್ ಔಷಧವೇ ಪುಡಿಯಾಗಿ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತಾ ಬಂದಿದೆ. ಸ್ಟ್ರೆಪ್ಟೊಸೈಕ್ಲಿನ್: 9 ಪಾಲು ಸ್ಟ್ರೆಪ್ಟೊಮೈಸಿನ್, 1 ಪಾಲು ಟೆಟ್ರಾಸೈಕ್ಲಿನ್. 6 ಗ್ರಾಂ ಪುಡಿಕೆ. ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆಯೇ ಮಾಡಿ ಮಾರಿದ ಸರಕು. ಹತ್ತಿಗೆ ದುಂಡಾಣು ಅಂಗಮಾರಿ ಬಂದರೆ, ದಾಳಿಂಬೆಯ ಎಲೆಯಲ್ಲಿ ಕಪ್ಪು ಚುಕ್ಕೆ ಕಂಡರೆ, ತಾಮ್ರದ ಔಷಧದ ಜೊತೆ ಕಲಸಿ ಹೊಡೆಯುವುದು ಮುಂಡರಗಿಯಿಂದ ಬಾಗಲಕೋಟೆಯವರೆಗೆ ಎಲ್ಲರಿಗೂ ಗೊತ್ತಿರುವ ರೂಢಿ. ರೈತರನ್ನು ಬೈಯುವುದು ಅನ್ಯಾಯ. ಸಾಲ ಮಾಡಿ ಹಚ್ಚಿದ ತೋಟ ಕಣ್ಣೆದುರು ಒಣಗುವಾಗ ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತಾರೆ; ಅದನ್ನೇ ಶಿಫಾರಸು ಮಾಡಿದ ಕೈಪಿಡಿಗಳೂ ಇದ್ದವು. ಆದರೆ ಬ್ಯಾಕ್ಟೀರಿಯಾದ ಕಡೆಯಿಂದ ನೋಡಬೇಕು. ಹತ್ತಿಯೊಳಗೆ ಮಲಗಿರುವ ಎಎಡಿಗೆ ಮಣ್ಣಿನಲ್ಲಿ ಯಾವ ಲಾಭವೂ ಇಲ್ಲ. ಅದೇ ಮಣ್ಣಿಗೆ ಸ್ಟ್ರೆಪ್ಟೊಮೈಸಿನ್ ಬಿದ್ದಾಗ, ಪ್ರತಿರೋಧ ಇಲ್ಲದ ಬ್ಯಾಕ್ಟೀರಿಯಾ ಸತ್ತು ಇರುವವು ಬೆಳೆಯುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದೇ ಹೊಲದಲ್ಲಿ ನಡೆಯುತ್ತದೆ, ಇಲ್ಲಿ ಅಳೆಯುವವರಿಲ್ಲ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕೃಷಿಯಲ್ಲಿ ಈ ಎರಡು ಔಷಧಗಳ ಬಳಕೆಯನ್ನು 2024ರಿಂದ ಪೂರ್ತಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ಪಶುಗಳ ಮೇವಿಗೆ ಕೊಲಿಸ್ಟಿನ್ ಬೆರೆಸುವುದಕ್ಕೆ 2019ರಲ್ಲೇ ತಡೆ ಬಿದ್ದಿತ್ತು. ಮನುಷ್ಯರ ಔಷಧದಂಗಡಿಯಲ್ಲಿ 2014ರ ಮಾರ್ಚಿನಿಂದ ಎಚ್-1 ಪಟ್ಟಿಯ ಪ್ರತಿಜೀವಕಗಳಿಗೆ ವೈದ್ಯರ ಚೀಟಿ ಬೇಕು, ರಿಜಿಸ್ಟರಿನಲ್ಲಿ ರೋಗಿಯ ಹೆಸರು ಬರೆಯಬೇಕು, ಅದನ್ನು 3 ವರ್ಷ ಇಡಬೇಕು. ಹೊಲಕ್ಕೆ ಹೋಗುವ ಪ್ರತಿಜೀವಕಕ್ಕೆ ಇಂಥ ಒಂದು ಪುಸ್ತಕ ಇಡಿಸಿದ್ದರೆ ಎಷ್ಟೋ ತಿಳಿಯುತ್ತಿತ್ತು.

ಔಷಧದ ಒತ್ತಡ ಹೆಚ್ಚಿದಲ್ಲಿ ವಂಶವಾಹಿ ಹೇಗೆ ಓಡುತ್ತದೆ ಎಂಬುದಕ್ಕೆ ಎನ್‌ಡಿಎಂ-1 ಸಾಕ್ಷಿ. 2008ರಲ್ಲಿ ಸ್ವೀಡನ್‌ನಲ್ಲಿದ್ದ ಭಾರತೀಯ ಮೂಲದ ರೋಗಿಯೊಬ್ಬರಲ್ಲಿ ಸಿಕ್ಕ ಈ ವಂಶವಾಹಿ ಕಾರ್ಬಪೆನಮ್ ಎಂಬ ಕೊನೆಯ ಸಾಲಿನ ಔಷಧಗಳನ್ನೂ ಮುರಿಯುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿಲ್ಲಿಯ 171 ಕಡೆಯ ನಿಂತ ನೀರಿನ ಮಾದರಿಗಳಲ್ಲಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ ಅದು ಕಂಡಿತು. ಅದನ್ನು ಯಾವ ಪ್ರಯೋಗಾಲಯವೂ ಮಾಡಿದ್ದಲ್ಲ. ಆಸ್ಪತ್ರೆ, ಚರಂಡಿ, ಬೇಕಾಬಿಟ್ಟಿ ಔಷಧ ಸೇರಿ ಅದಕ್ಕೆ ದಾರಿ ಮಾಡಿಕೊಟ್ಟವು. ಪ್ರಯೋಗಾಲಯದ ಕಾವಲನ್ನು ಸಡಿಲಿಸಲು ಇದನ್ನು ನೆಪ ಮಾಡುವವರಿದ್ದಾರೆ. ಹೊರಗೆ ಇಷ್ಟು ಕೊಳೆ ಇರುವಾಗ ಒಳಗಿನ ಒಂದು ತಟ್ಟೆಗೆ ಏಕಿಷ್ಟು ಕಟ್ಟಳೆ ಎಂದು. ವಾದ ನಿಲ್ಲುವುದಿಲ್ಲ. ಹೊರಗೆ ತಾನಾಗಿ ಹುಟ್ಟದ ಜೋಡಣೆಯನ್ನು ಒಳಗೆ ಒಂದೇ ವಾರದಲ್ಲಿ ಹುಟ್ಟಿಸಬಹುದು, ಕಟ್ಟಳೆ ಅದಕ್ಕೆ.

ಕಟ್ಟಳೆ ಈಗ ಬದಲಾಗುತ್ತಿದೆ. 2022ರ ಮಾರ್ಚ್ 30ರಂದು ಕೇಂದ್ರ ಸರ್ಕಾರ, ಹೊರಗಿನ ಡಿಎನ್‌ಎ ಉಳಿಯದಂತೆ ವಂಶವಾಹಿ ತಿದ್ದಿದ ಕೆಲವು ಬಗೆಯ ಬೆಳೆಗಳನ್ನು 1989ರ ನಿಯಮಗಳ 7ರಿಂದ 11ರವರೆಗಿನ ಕಲಮುಗಳಿಂದ ಹೊರಗಿಟ್ಟಿತು. 2025ರ ಮೇ ತಿಂಗಳಲ್ಲಿ ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ತಿದ್ದುವ ಉಪಕರಣವನ್ನು ಗಿಡದೊಳಗೆ ಕಳಿಸುವಾಗ ಸಾಮಾನ್ಯವಾಗಿ ಪ್ರತಿರೋಧದ ಗುರುತು ಜೊತೆಗೇ ಹೋಗುತ್ತದೆ. ಮುಂದಿನ ತಲೆಮಾರಿನ ಗಿಡಗಳಲ್ಲಿ ಅದು ಹೋಗಿರುವವನ್ನು ಆರಿಸಿ, ಹೋಗಿದೆ ಎಂದು ತೋರಿಸಿದರೆ ಬಿಡುಗಡೆ. ತೋರಿಸಬೇಕಾದದ್ದು ಸಂಸ್ಥೆಯೊಳಗಿನ ಸಮಿತಿಗೇ. ಅಂದರೆ ಬಿಕಾನೇರಿ ನರ್ಮಾದಲ್ಲಿ ಎಡವಿದ ಆ ಮೊದಲನೆಯ ಮೆಟ್ಟಿಲಿನ ಮೇಲೆ ಈಗ ಮೊದಲಿಗಿಂತ ಹೆಚ್ಚು ಭಾರ ಬಿದ್ದಿದೆ. ಧನಸಹಾಯ ಕೊಡುವ ಇಲಾಖೆಯೇ ಪರಿಶೀಲನೆಯನ್ನೂ ನಡೆಸುತ್ತದೆ ಎಂಬ ಹಳೆಯ ಆಕ್ಷೇಪ ಹಾಗೇ ಉಳಿದಿದೆ. ಸ್ವತಂತ್ರ ಪ್ರಾಧಿಕಾರಕ್ಕೆಂದು 2013ರಲ್ಲಿ ಲೋಕಸಭೆಗೆ ಬಂದ ಮಸೂದೆ ಮರುವರ್ಷ ಲೋಕಸಭೆಯ ಜೊತೆಗೇ ಬಿದ್ದುಹೋಯಿತು.

2024ರ ಜುಲೈ 23ರಂದು ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅನುಮತಿಯನ್ನು ರದ್ದು ಮಾಡಬೇಕೆಂದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಅದನ್ನು ಎತ್ತಿಹಿಡಿದರು. ಆದರೆ ಈ ಮಾತನ್ನು ಇಬ್ಬರೂ ಒಪ್ಪಿದರು: ಸಂಶೋಧನೆಯಿಂದ ಮಾರಾಟದವರೆಗೆ ಕುಲಾಂತರಿ ಬೆಳೆಗಳಿಗೆ ಒಂದು ರಾಷ್ಟ್ರೀಯ ನೀತಿ ಬೇಕು, ಅದನ್ನು ರಾಜ್ಯ ಸರ್ಕಾರಗಳು, ಸ್ವತಂತ್ರ ತಜ್ಞರು, ರೈತ ಸಂಘಟನೆಗಳೆಲ್ಲರ ಜೊತೆ ಸಮಾಲೋಚಿಸಿಯೇ ರೂಪಿಸಬೇಕು. ಅಂಥ ಸಮಾಲೋಚನೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹತ್ತಿ ಬೆಳೆಗಾರರು ಬರಿಗೈಯಲ್ಲಿ ಹೋಗಬೇಕಿಲ್ಲ. ಅದಕ್ಕೆ ಮೊದಲು ಗದಗಿನ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟು, 1989ರ ನಿಯಮದಂತೆ ರಚನೆಯಾಗಬೇಕಾದ ಜಿಲ್ಲಾ ಸಮಿತಿಯ ಸದಸ್ಯರ ಪಟ್ಟಿಯನ್ನೂ ಅದರ ಸಭೆಗಳ ನಡಾವಳಿಯನ್ನೂ ಕೇಳಿ ಪಡೆಯುವ ಹಕ್ಕು ಅವರಿಗಿದೆ.